ಬೈಗುಳದ ಮೂಲ

ಹವ್ಯಾಸಿ ನಟ ನಂಜುಂಡಸ್ವಾಮಿ ರಂಗದ ಮೇಲೆ ಸ್ತ್ರೀಸಮಾನತೆಯ ಭಾಷಣ ಹೊಡೆದು ಮನೆಗೆ ಬಂದವನೇ ಕಾಲು ಚಾಚಿ ಕುಳಿತು ಕಾಫಿಗೆ ಕೂಗಿದ.

"ಹೇಳೋದೊಂದು, ಮಾಡೋದೊಂದು. ಹಿಪೊಕ್ರಿಟ್!" ಎಂದ ಹೆಂಡತಿ ಗಿರಿಜೆ ಅಂದಿನಿಂದ ಮಾತು ಬಿಟ್ಟಳು.

ಆ ಬೈಗುಳ ಅವನನ್ನು ಮುಳ್ಳಿನಂತೆ ಚುಚ್ಚುತ್ತಿತ್ತು. ತಪ್ಪು ತಿದ್ದಿಕೊಳ್ಳುವುದು ಬಿಟ್ಟು ಮಹಾಶಯ ನಿಘಂಟು ತೆರೆದ. ನೋಡಿದರೆ, ಆ ಇಂಗ್ಲಿಷ್ ಪದ ಹುಟ್ಟಿದ್ದು ಗ್ರೀಕರ ರಂಗಭೂಮಿಯಲ್ಲಿ. ಅಲ್ಲಿ ಅದರ ಅರ್ಥ ನಟ! ಹಿಗ್ಗಿ ಹೀರೇಕಾಯಿಯಾಗಿ ಅಡುಗೆಮನೆಗೆ ಓಡಿದ.

"ನೀನು ಬೈದಿದ್ದಲ್ಲ ಕಣೇ, ಬಿರುದು ಕೊಟ್ಟಿದ್ದು! ಹಿಪೊಕ್ರಿಟ್ ಅಂದ್ರೆ ಮೊದಲು ನಟ ಅಂತಲೇ ಅರ್ಥವಂತೆ."

ಗಿರಿಜೆ ಕೊನೆಗೂ ಬಾಯಿ ಬಿಟ್ಟಳು.

"ಹೌದೇನ್ರೀ? ಹಾಗಾದ್ರೆ ನನ್ನ ಮಾತು ವಾಪಸ್ ತಗೊಂಡೆ. ನಿಮ್ಮ ನಾಟಕ ನಾನು ನೋಡಿದೀನಿ."