ಗಾಜಿನ ಮೇಲೊಂದು ಗುಡ್ಡ

“ಕನ್ನಡಿಯ ನಡುವೆ ಗುಡ್ಡ ಎದ್ದಿದೆ,” ಎಂದ ಸಲೂನಿನವನು, ಬ್ಲೇಡಿನ ಅಂಚಿನಿಂದ ಕಣ್ಣು ಕೀಳದೆ. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದ್ದ ಶೆಡ್ಡಿನಲ್ಲಿ ಬೀದಿಯವರೆಲ್ಲ ಅವನ ಸುತ್ತ ನೆರೆದಿದ್ದರು. ತಮ್ಮ ಬೀದಿಗೊಂದು ದೂರದರ್ಶಕ ಬೇಕೆಂದು ಎಂಟು ತಿಂಗಳು, ಪ್ರತಿ ಭಾನುವಾರ, ಸರದಿಯ ಮೇಲೆ ಉಜ್ಜಿ ಉಜ್ಜಿ ಮಾಡಿದ ಕನ್ನಡಿ ಅದು. ಪುಟ್ಟ ದೀಪದ ಬೆಳಕು ಅದಕ್ಕೆ ಬಡಿದು ವಾಪಸು ಬರುವಾಗ ಬ್ಲೇಡು ಅಡ್ಡ ಹಿಡಿದರೆ, ಕೂದಲೆಳೆಯ ಸಾವಿರದಲ್ಲೊಂದು ಪಾಲಿನ ಉಬ್ಬೂ ನೆರಳಾಗಿ ಕಾಣುತ್ತದೆ.

“ಬೇಕರಿಯವರ ಕೆಲಸ ಇದು,” ಎಂದರು ಟೈಲರಮ್ಮ. “ಹಿಟ್ಟು ನಾದೋ ಹಾಗೆ ಒತ್ತಬೇಡಿ ಅಂತ ಎಷ್ಟು ಬಡಕೊಂಡೆ.”

ಬೇಕರಿಯವನು ಉಜ್ಜುವ ಪುಡಿಯ ಡಬ್ಬ ಕೈಗೆತ್ತಿಕೊಂಡ. “ಮೊದಲಿಂದ ಶುರು ಮಾಡೋಣ ಬಿಡಿ. ಈಗ ಸ್ಟ್ಯಾಂಡಿಗಿಡುವಾಗಲೂ ಚೊಕ್ಕವಾಗಿರಲಿ ಅಂತ ಧೂಳು ಒರೆಸಿದ್ದೆ.”

“ಯಾವುದರಲ್ಲಿ ಒರೆಸಿದ್ರಿ?” ಎಂದ ಸಲೂನಿನವನು.

“ಅಂಗೈಯಲ್ಲಿ.”

ಸಲೂನಿನವನು ಮತ್ತೆ ಕಣ್ಣಿಟ್ಟ. ನೋಡನೋಡುತ್ತಲೇ ಗುಡ್ಡ ಕುಗ್ಗುತ್ತಿತ್ತು. “ಡಬ್ಬ ಕೆಳಗಿಡಿ ಮಾರಾಯ್ರೆ. ನಿಮ್ಮ ಕೈಬಿಸಿಗೆ ಗಾಜು ಉಬ್ಬಿತ್ತು, ಅಷ್ಟೇ. ಇಳೀತಾ ಇದೆ.” ಒಬ್ಬೊಬ್ಬರೇ ಬಗ್ಗಿ ನೋಡಿದರು. ಅಂಗೈಯಗಲದ ನೆರಳು ಸದ್ದಿಲ್ಲದೆ ಕರಗಿಹೋಯಿತು.

ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದವರು ಟೈಲರಮ್ಮ. ಆಮೇಲೆ ಎದ್ದು ಹೋಗಿ, ಸೂಜಿ ಚುಚ್ಚಿ ಒರಟಾದ ಹೆಬ್ಬೆರಳನ್ನು ಕನ್ನಡಿಯ ನಡುವೆ ಒತ್ತಿ, ಇಪ್ಪತ್ತು ಎಣಿಸಿ ತೆಗೆದರು.

“ಬೇಕರಿಯವರೇ, ನೀವೇ ನೋಡಿ ಹೇಳಿ. ನಂದೆಷ್ಟು ಎತ್ತರ ಬಂತು?”