ನಾಲ್ಕು ಬೆರಳು ಮುಂದೆ

ನಾರ್ವೆ ದೇಶದ ಕಡಲಂಚಿನ ಒಂದು ಪುಟ್ಟ ಊರು. ಅಲ್ಲಿ ಹಾಲ್ವರ್ ಎಂದರೆ ಗೊತ್ತಿಲ್ಲದವರಿಲ್ಲ.

ಹಾಯಿದೋಣಿ ಪಂದ್ಯದಲ್ಲಿ ಒಂಬತ್ತು ವರ್ಷದಿಂದ ಅವನೇ ಚಾಂಪಿಯನ್. ಪಂದ್ಯದ ಹನ್ನೆರಡು ದೋಣಿಗಳನ್ನು ಡಿಸೈನ್ ಮಾಡಿ ಕಟ್ಟಿದವನೂ ಅವನೇ. ಒಂದೇ ನಕ್ಷೆ, ಒಂದೇ ಅಳತೆ.

"ದೋಣಿ ಎಲ್ಲರದೂ ಒಂದೇ ಕಣ್ರೀ... ಗೆಲ್ಲೋದು ಕೈ." ಕ್ಲಬ್ಬಿನಲ್ಲಿ ಕಾಫಿ ಕುಡಿಯುವಾಗಲೆಲ್ಲ ಇದೇ ಮಾತು.

ಸಿಗ್ನೆ ಆ ಊರಿನ ಸ್ಕೂಲ್ ಟೀಚರ್. ಆಸೆಪಟ್ಟು ಅವನಿಂದಲೇ ದೋಣಿ ಮಾಡಿಸಿಕೊಂಡಿದ್ದಳು. ಮೂರು ವರ್ಷವೂ ಕೊನೇ ಸ್ಥಾನ.

"ಸರ್, ಗಾಳಿ ಜೋರಾದರೆ ದೋಣಿಯ ಮೂತಿ ಗಾಳಿ ಕಡೆಗೇ ತಿರುಗುತ್ತೆ. ಚುಕ್ಕಾಣಿ ಹಿಡಿದು ಹಿಡಿದು ಭುಜ ಬಿದ್ದುಹೋಗುತ್ತೆ."

"ಚಾಕ್‌ಪೀಸ್ ಹಿಡಿಯೋ ಕೈ ಅಲ್ವಾ ಮೇಡಂ, ಇನ್ನೇನಾಗುತ್ತೆ?"

ಎಲ್ಲರೂ ನಗುತ್ತಿದ್ದರು. ಉಳಿದವರು ಗಟ್ಟಿಮುಟ್ಟಾದ ಮೀನುಗಾರರು. ದೋಣಿ ಎಷ್ಟೇ ಎಳೆದರೂ ತೋಳಿನಲ್ಲೇ ತಡೆದುಕೊಳ್ಳುತ್ತಿದ್ದರು.

ನಾಲ್ಕನೇ ವರ್ಷವೂ ಸೋತ ಮೇಲೆ ಸಿಗ್ನೆ ತನ್ನ ಕೈಯೇ ಸರಿಯಿಲ್ಲ ಎಂದು ನಂಬಿಬಿಟ್ಟಳು. "ದೋಣಿ ಮಾರಾಟಕ್ಕಿದೆ" ಎಂದು ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದಳು.

ಆ ಕ್ಲಬ್ಬಿನಲ್ಲಿ ಒಂದು ಪದ್ಧತಿ. ಸೀಸನ್ನಿನ ಕೊನೇ ಭಾನುವಾರ ಒಂದು ತಮಾಷೆ ಪಂದ್ಯ... ಕೊನೇ ಸ್ಥಾನ ಬಂದವರು ಯಾರ ದೋಣಿ ಬೇಕಾದರೂ ಕೇಳಬಹುದು. ಕೊಟ್ಟವರು ಅವರ ದೋಣಿ ಹತ್ತಬೇಕು; ಇಲ್ಲ ಅನ್ನುವಂತಿಲ್ಲ.

ಆ ಭಾನುವಾರ ದೋಣಿ ಒಕ್ಕೂಟದ ಅಧ್ಯಕ್ಷರೂ ಬಂದಿದ್ದರು. ಹಾಲ್ವರ್‌ನ ನಕ್ಷೆ ನೋಡಿಕೊಂಡು ಶಾಲೆಗಳಿಗೆ ನೂರು ದೋಣಿ ಕಟ್ಟಿಸುವ ಯೋಜನೆ. ಅವನ ಸಹಿಯೊಂದು ಬಾಕಿ.

"ಯಾರ ದೋಣಿ ಬೇಕು ಮೇಡಂ?" ಹಾಲ್ವರ್ ಕೇಳಿದ.

"ನಿಮ್ಮದೇ ಕೊಡಿ ಸರ್. ಹೇಗೂ ಎಲ್ಲ ಒಂದೇ ಅಲ್ವಾ?"

ಹಾಲ್ವರ್ ನಗುತ್ತಲೇ ಸಿಗ್ನೆಯ ದೋಣಿ ಹತ್ತಿದ.

ಗಾಳಿ ಮೆಲ್ಲಗಿರುವವರೆಗೆ ಎಲ್ಲ ಸರಿಯಿತ್ತು. ಗುಡ್ಡದ ಮರೆ ದಾಟಿದ್ದೇ ತಡ, ಗಾಳಿ ರಪ್ಪನೆ ಬಡಿಯಿತು. ಚುಕ್ಕಾಣಿ ಕೈಯಿಂದ ಕಿತ್ತುಕೊಂಡು ಹೋಗುವಂತೆ ಎಳೆಯಿತು... ದೋಣಿಯ ಮೂತಿ ಗಾಳಿಗೆ ತಿರುಗಿತು.

ಎರಡೂ ಕೈ ಹಾಕಿದ. ಅರ್ಧ ಗಂಟೆಯಲ್ಲಿ ಭುಜ ನಡುಗತೊಡಗಿತು.

ಈ ಎಳೆತ ಅವನಿಗೆ ಹೊಸದಲ್ಲ. ಒಂಬತ್ತು ವರ್ಷದ ಹಿಂದೆ, ಮೊದಲ ಬೇಸಿಗೆಯಲ್ಲಿ, ತನ್ನ ದೋಣಿಯೂ ಹೀಗೇ ಎಳೆದಿತ್ತು. ಅದೇ ವಾರ ಹಾಯಿ ಕಟ್ಟುವ ಕಂಬವನ್ನು ನಾಲ್ಕು ಬೆರಳು ಮುಂದೆ ಸರಿಸಿದ್ದ; ಎಳೆತ ನಿಂತುಹೋಗಿತ್ತು.

ತನ್ನ ದೋಣಿಯಲ್ಲಿ ಮಾತ್ರ. ನಕ್ಷೆಯಲ್ಲಿ ಅಲ್ಲ.

ದೂರದಲ್ಲಿ ಸಿಗ್ನೆ ಎರಡೇ ಬೆರಳಲ್ಲಿ ಚುಕ್ಕಾಣಿ ಹಿಡಿದು ನೇರವಾಗಿ ಹೋಗುತ್ತಿದ್ದಳು...

ಸಿಗ್ನೆ ಮೊದಲು ಬಂದಳು. ಹಾಲ್ವರ್ ಕೊನೆಗೆ.

"ತಮಾಷೆ ಪಂದ್ಯ ತಾನೇ, ಬಿಡಿ," ಅಧ್ಯಕ್ಷರು ನಕ್ಷೆ ಬಿಚ್ಚಿ ಪೆನ್ನು ಕೊಟ್ಟರು. "ಇಲ್ಲೊಂದು ಸೈನ್ ಹಾಕಿ."

ಯಾರೂ ಏನೂ ಕೇಳಿರಲಿಲ್ಲ. ಸುಮ್ಮನೆ ಸಹಿ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹಾಲ್ವರ್ ಪೆನ್ನು ಕೆಳಗಿಟ್ಟ.

"ನಕ್ಷೆಯಲ್ಲಿ ತಪ್ಪಿದೆ. ಕಂಬ ನಾಲ್ಕು ಬೆರಳು ಮುಂದಿರಬೇಕು. ನನ್ನ ದೋಣಿಯಲ್ಲಿ ಹಾಗೇ ಇದೆ... ನಿಮ್ಮ ಯಾರದರಲ್ಲೂ ಇಲ್ಲ. ಮೇಡಂ, ದೋಷ ನಿಮ್ಮ ಕೈಯಲ್ಲಿರಲಿಲ್ಲ."

"ತಿದ್ದೋಕೆ ಮರೆತಿದ್ರಾ?" ಸಿಗ್ನೆ ಕೇಳಿದಳು.

"ಮೊದಲ ವರ್ಷ ಮರೆತೆ. ಆಮೇಲೆ ಗೆಲ್ಲೋಕೆ ಶುರು ಮಾಡಿದೆ ನೋಡಿ... ನೆನಪು ಮಾಡಿಕೊಳ್ಳೋಕೆ ಹೋಗಲಿಲ್ಲ."

ಮುದಿ ಮೀನುಗಾರನೊಬ್ಬ ತನ್ನ ಭುಜ ಸವರಿಕೊಂಡ. "ಅಯ್ಯೋ ಪುಣ್ಯಾತ್ಮ... ನಂಗೆ ವಯಸ್ಸಾಯ್ತು ಅಂದ್ಕೊಂಡಿದ್ದೆ ನಾನು!"

ಈ ಸಲ ಯಾರೂ ನಗಲಿಲ್ಲ.

ಕ್ಷಮಿಸಿದೆ ಎಂದು ಸಿಗ್ನೆ ಹೇಳಲಿಲ್ಲ. ನೋಟಿಸ್ ಬೋರ್ಡಿನ ಚೀಟಿ ಕಿತ್ತು ತಂದು, ಹಿಂಬದಿ ತಿರುಗಿಸಿ ಅವನ ಮುಂದಿಟ್ಟಳು.

"ನಾಲ್ಕು ಬೆರಳು ಅಂದ್ರೆ ನಡೆಯಲ್ಲ ಸರ್. ಸರಿಯಾದ ಅಳತೆ ಬರೀರಿ."

ಚುಕ್ಕಾಣಿ ಹಿಡಿದು ಸೋತಿದ್ದ ಕೈಯಲ್ಲೇ ಹಾಲ್ವರ್ ಪೆನ್ನು ಎತ್ತಿಕೊಂಡು ಬರೆದ. ಅಂಕಿ ಸೊಟ್ಟಗೆ ಬಂತು.

"ನೀಟಾಗಿ ಬರೀರಿ," ಎಂದಳು ಸಿಗ್ನೆ. "ಶಾಲೆ ಮಕ್ಕಳ ನೂರು ದೋಣಿ ಇದನ್ನು ನೋಡಿಯೇ ಕಟ್ಟೋದು."

ಮರುವರ್ಷ ಹನ್ನೆರಡೂ ದೋಣಿಗಳ ಕಂಬ ಒಂದೇ ಜಾಗದಲ್ಲಿತ್ತು. ಹಾಲ್ವರ್‌ಗೆ ಐದನೇ ಸ್ಥಾನ. ಸಿಗ್ನೆಗೆ ನಾಲ್ಕನೆಯದು.

ಸೋತವರ ಕೈಯನ್ನು ಬೈಯುವ ಮೊದಲು ಅವರ ದೋಣಿಯಲ್ಲಿ ಒಂದು ಸಲ ಕೂತು ನೋಡಿ.

ನೀವು ನಿಮಗೆ ಮಾತ್ರ ಸರಿಸಿಕೊಂಡು, ಬೇರೆಯವರಿಗೆ ಹೇಳದೆ ಉಳಿಸಿಕೊಂಡ ಆ ನಾಲ್ಕು ಬೆರಳು ಯಾವುದು?