ಮುರಿದು ಕೊಟ್ಟ ರೊಟ್ಟಿ

ಚಿಕ್ಕಂದಿನಲ್ಲಿ ಟೆಂಟ್ ಸಿನಿಮಾದ ಬೀಡಿ ಹೊಗೆ, ಹುರಿದ ಕಡಲೆಕಾಯಿಯ ವಾಸನೆಯ ನಡುವೆ ಕೂತು ನೋಡಿದ ಯುದ್ಧಗಳನ್ನೆಲ್ಲ ನಾನು ನಿಜವೆಂದೇ ನಂಬಿದ್ದೆ. ಯುದ್ಧ ಮಾಡಿ ಬಂದವರನ್ನು ಮದುವೆಯಾದ ಮೇಲೆ ಆ ನಂಬಿಕೆ ಉಳಿಯಲಿಲ್ಲ. ಯಾವ ಯುದ್ಧದ ಸಿನಿಮಾ ಹಾಕಿದರೂ ಇವರು, "ಇವನ ಬಂದೂಕಲ್ಲಿ ಗುಂಡು ಮುಗಿಯೋದೇ ಇಲ್ವಲ್ಲ!" ಎಂದು ನಗುತ್ತಾರೆ.

ಮೊನ್ನೆ ನಮ್ಮ ಬಡಾವಣೆಯ ಸಂಘದವರು ಅಂಥದೇ ಒಂದು ಸಿನಿಮಾ ತೋರಿಸಿ, ಆಮೇಲೆ ಊಟ ಇಟ್ಟುಕೊಂಡಿದ್ದರು. ತೆರೆಯ ಮೇಲೆ ನಮ್ಮ ಯೋಧ, ಸೆರೆಸಿಕ್ಕ ಶತ್ರುವಿಗೆ ತನ್ನ ರೊಟ್ಟಿ ಮುರಿದು ಕೊಟ್ಟ. ಜನ ಶಿಳ್ಳೆ ಹೊಡೆದು ಗೇಲಿ ಮಾಡಿದರು. ಇವರೊಬ್ಬರೇ ಚಪ್ಪಾಳೆ ತಟ್ಟಿದರು.

ಸಂಘದ ಕಾರ್ಯದರ್ಶಿ ಸಿನಿಮಾ ನಿಲ್ಲಿಸಿ ದೀಪ ಹಾಕಿಸಿದ. "ಏನ್ ಸಾರ್, ಇಷ್ಟು ಹೊತ್ತು ಎಲ್ಲಾ ಸುಳ್ಳು ಅಂತಿದ್ರಿ. ಈ ಬುರುಡೆಗೆ ಚಪ್ಪಾಳೆನಾ?"

"ಇದೊಂದೇ ನಿಜ ಕಣಪ್ಪ."

"ನಮ್ಮವರನ್ನ ಕೊಲ್ಲೋಕೆ ಬಂದೋನಿಗೆ ರೊಟ್ಟಿನಾ? ತಪ್ಪಾಯ್ತು ಅನ್ನಿ. ಇಲ್ಲಾಂದ್ರೆ ಊಟಕ್ಕೆ ಕೂರಬೇಡಿ."

"ಉಪವಾಸ ಹೋಗ್ತೀನಿ. ತಪ್ಪಾಯ್ತು ಅನ್ನಲ್ಲ."

ನಾನು ತೋಳು ಹಿಡಿದೆ. ಇವರು ನನ್ನ ಕೈಯನ್ನು ಮೆಲ್ಲನೆ ಬಿಡಿಸಿಕೊಂಡು ಎದ್ದು ನಿಂತರು.

"ಹಾಗಾದ್ರೆ ನೀವೂ ಶತ್ರುಗೆ ರೊಟ್ಟಿ ಕೊಟ್ಟು ಬಂದೋರೇ ಅನ್ನಿ!"

"ಇಲ್ಲಪ್ಪ. ಸೆರೆಸಿಕ್ಕಿದ್ದು ನಾನು. ಆ ಕಡೆ ಸಿಪಾಯಿ ಮುರಿದು ಕೊಟ್ಟ, ನಾನು ತಿಂದೆ."

ಕಾರ್ಯದರ್ಶಿ ಒಳಗೆ ಹೋದ. ಬಡಿಸಿದ ತಟ್ಟೆಯೊಂದನ್ನು ತಂದು ಇವರ ಕೈಗಿಟ್ಟ.